ಬೀದಿದೀಪಕ್ಕೆ ಬಿಸಿಲು ಕೊಳ್ಳುವುದು ಹೇಗೆ?

ಮಕ್ಕಳೇ, ನಿಮ್ಮ ಮನೆಯ ಕರೆಂಟ್ ಬಿಲ್ಲನ್ನು ಅಪ್ಪನೋ ಅಮ್ಮನೋ ಕಟ್ಟುತ್ತಾರೆ. ಮನೆ ಮುಂದಿನ ಬೀದಿದೀಪದ ಬಿಲ್ಲನ್ನು ಯಾರು ಕಟ್ಟುತ್ತಾರೆ ಎಂದು ಯೋಚಿಸಿದ್ದೀರಾ?

ವೈಟ್‌ಫೀಲ್ಡ್ ಕಡೆಯವರಾದರೆ ಉತ್ತರ, ಬೆಂಗಳೂರು ಪೂರ್ವ ನಗರ ಪಾಲಿಕೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯನ್ನು ಐದು ಪಾಲಿಕೆಗಳಾಗಿ ಮಾಡಿದರಲ್ಲ, ಅವುಗಳಲ್ಲಿ ಇದೂ ಒಂದು. ಎಲೆಕ್ಟ್ರಾನಿಕ್ ಸಿಟಿಯ ಒಳಗಿನ ರಸ್ತೆಗಳಿಗೆ ಬೇರೆಯದೇ ಆಡಳಿತವಿದೆ. 2013ರಲ್ಲಿ ಸರ್ಕಾರ ಅಲ್ಲಿ ಎಲ್ಸಿಟಾ ಎಂಬ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರವನ್ನು ಮಾಡಿತು. ಅಲ್ಲಿನ ಕಂಪನಿಗಳ ಆಸ್ತಿ ತೆರಿಗೆ ವಸೂಲು ಮಾಡಿ ರಸ್ತೆ, ದೀಪ, ಕಸದ ವ್ಯವಸ್ಥೆ ನೋಡಿಕೊಳ್ಳುವುದು ಅದರ ಕೆಲಸ. ಅದರ ಬೇಲಿ ದಾಟಿ ಹೊಸೂರು ರಸ್ತೆಯಲ್ಲಿ ಮುಂದೆ ಹೋದರೆ ಹೆಬ್ಬಗೋಡಿಗೆ ನಗರಸಭೆ, ಬೊಮ್ಮಸಂದ್ರಕ್ಕೆ ಪುರಸಭೆ. ಇವೆಲ್ಲ ನಮ್ಮ ಸ್ಥಳೀಯ ಸರ್ಕಾರಗಳು. ವಿಧಾನಸೌಧದಷ್ಟು ದೊಡ್ಡದಾಗಿ ಕಾಣದಿದ್ದರೂ ಇವು ದೊಡ್ಡ ಗಿರಾಕಿಗಳು. ಸಾವಿರಾರು ಬೀದಿದೀಪ, ನೀರೆತ್ತುವ ಪಂಪು, ಆಸ್ಪತ್ರೆ, ಶಾಲೆ, ಕಚೇರಿ, ಎಲ್ಲಕ್ಕೂ ಕರೆಂಟು ಕೊಳ್ಳುವವು ಇವೇ. ಈ ಗಿರಾಕಿಗಳು ಹೊಗೆಯಿಲ್ಲದ ಕರೆಂಟನ್ನೇ ಕೊಳ್ಳುತ್ತೇವೆ ಎಂದು ಹೊರಟರೆ ಅದು ಹೇಗೆ ಸಾಧ್ಯ ಎಂಬುದನ್ನು ಇವತ್ತು ನೋಡೋಣ.

ಮೊದಲು ಕರೆಂಟನ್ನು ಅಳೆಯುವುದು ಕಲಿಯೋಣ. ನಿಮ್ಮ ಮನೆಯ ಮೀಟರಿನ ಮುಂದೆ ನಿಲ್ಲಿ. ಅದರ ಮುಖದ ಮೇಲೆ ಸಣ್ಣ ಕೆಂಪು ದೀಪವೊಂದು ಮಿಟುಕುತ್ತಿರುತ್ತದೆ. ಪಕ್ಕದಲ್ಲೇ 1600 ಅಥವಾ 3200 ಎಂಬಂಥ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಆ ದೀಪ ಅಷ್ಟು ಸಲ ಮಿಟುಕಿದರೆ ಒಂದು ಯೂನಿಟ್ ಖರ್ಚಾಯಿತು ಎಂದು ಅರ್ಥ. ಸಂಖ್ಯೆ 3200 ಆಗಿದ್ದು ದೀಪ ಸೆಕೆಂಡಿಗೊಮ್ಮೆ ಮಿಟುಕುತ್ತಿದ್ದರೆ, ಗಂಟೆಗೆ 3600 ಮಿಟುಕು. ಅಂದರೆ ಗಂಟೆಗೆ ಒಂದು ಯೂನಿಟ್‌ಗಿಂತ ತುಸು ಹೆಚ್ಚು. ಗೀಸರ್ ಹಾಕಿ ಬಂದು ನೋಡಿ, ಮಿಟುಕು ಹೇಗೆ ಅವಸರ ಪಡುತ್ತದೆ ಎಂದು! ಬೀದಿದೀಪಕ್ಕೂ ಹೀಗೇ ಮೀಟರಿರುತ್ತದೆ. ಕಂಬಕ್ಕೆ ಕಟ್ಟಿದ ಕಬ್ಬಿಣದ ಪೆಟ್ಟಿಗೆಯೊಳಗೆ, ಸಂಜೆ ತಾನಾಗಿ ದೀಪ ಹೊತ್ತಿಸಿ ಬೆಳಿಗ್ಗೆ ಆರಿಸುವ ಟೈಮರಿನ ಜೊತೆ ಅದು ಕೂತಿರುತ್ತದೆ. ಆ ಪೆಟ್ಟಿಗೆಯನ್ನು ಮಾತ್ರ ದೂರದಿಂದ ನೋಡಿ, ಮುಟ್ಟಬೇಡಿ.

ಈಗ ಹೊಗೆಯ ವಿಷಯ. ರಾಯಚೂರಿನ ಶಾಖೋತ್ಪನ್ನ ಕೇಂದ್ರದಲ್ಲಿ ಕಲ್ಲಿದ್ದಲು ಸುಟ್ಟು, ನೀರು ಕುದಿಸಿ, ಹಬೆಯಿಂದ ಟರ್ಬೈನು ತಿರುಗಿಸಿ ಕರೆಂಟು ಮಾಡುತ್ತಾರೆ. ಸುಟ್ಟ ಕಲ್ಲಿದ್ದಲಿನ ಇಂಗಾಲ ಗಾಳಿಯ ಆಮ್ಲಜನಕದೊಡನೆ ಕೂಡಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಭೂಮಿಯಿಂದ ಹೊರಹೋಗಬೇಕಾದ ಬಿಸಿಯನ್ನು ಹಿಡಿದಿಡುವ ಅನಿಲ ಅದು. ದೇಶದ ಎಲ್ಲ ವಿದ್ಯುತ್ ಕೇಂದ್ರಗಳನ್ನೂ ಸೇರಿಸಿ ಸರಾಸರಿ ತೆಗೆದರೆ, ನಾವು ಬಳಸುವ ಪ್ರತಿ ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ.

ಹೊಗೆಯಿಲ್ಲದೆ ಕರೆಂಟು ಮಾಡುವ ದಾರಿಗಳು ಕರ್ನಾಟಕದಲ್ಲಿ ಬಹಳ ಇವೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2050 ಮೆಗಾವ್ಯಾಟ್ ಸೌರಫಲಕಗಳಿವೆ. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆ. ಶರಾವತಿಯ ನೀರು 1035 ಮೆಗಾವ್ಯಾಟಿನ ಕೇಂದ್ರವನ್ನು ನಡೆಸುತ್ತದೆ. ಬಿಸಿಲು, ಗಾಳಿ, ನೀರು ಮತ್ತೆ ಮತ್ತೆ ಬರುತ್ತವೆ; ಅದಕ್ಕೇ ಇವನ್ನು ನವೀಕರಿಸಬಹುದಾದ ಮೂಲ ಎನ್ನುವುದು. ಉತ್ತರ ಕನ್ನಡದ ಕೈಗಾ ಬೇರೆ ಜಾತಿಯದು. ಅಲ್ಲಿ ಯುರೇನಿಯಂ ಪರಮಾಣುಗಳನ್ನು ಒಡೆದು ಶಾಖ ಪಡೆಯುತ್ತಾರೆ. ಯುರೇನಿಯಂ ಮತ್ತೆ ಹುಟ್ಟುವುದಿಲ್ಲ, ಹಾಗಾಗಿ ಅದು ನವೀಕರಿಸಬಹುದಾದದ್ದಲ್ಲ. ಆದರೆ ಅಲ್ಲಿ ಏನೂ ಸುಡುವುದಿಲ್ಲವಾದ್ದರಿಂದ ಕರೆಂಟು ಮಾಡುವಾಗ ಇಂಗಾಲದ ಡೈಆಕ್ಸೈಡ್ ಬರುವುದಿಲ್ಲ. ಕೈಗಾದ ಮೊದಲನೇ ಘಟಕ ಒಮ್ಮೆಯೂ ನಿಲ್ಲದೆ 962 ದಿನ ಓಡಿ, 2018ರ ಡಿಸೆಂಬರ್ 31ರಂದು ಆಗಿನ ವಿಶ್ವದಾಖಲೆಯೊಂದಿಗೆ ವಿಶ್ರಾಂತಿ ಪಡೆಯಿತು. ಬಿಸಿಲು ಹಾಗೆ ಓಡಲಾರದು. ಈ ಮಾತು ನೆನಪಿರಲಿ, ಆಮೇಲೆ ಬೇಕಾಗುತ್ತದೆ.

ಸರಿ, ಪಾಲಿಕೆ ಚಿತ್ರದುರ್ಗದ ಗಾಳಿ ಕರೆಂಟು ಕೊಂಡಿತು ಎನ್ನೋಣ. ಆ ಕರೆಂಟು ವೈಟ್‌ಫೀಲ್ಡಿನ ಕಂಬಕ್ಕೇ ಬರುತ್ತದೆ ಎಂದು ಹೇಳುವುದು ಹೇಗೆ? ತಂತಿಯ ಮೇಲೆ ಹೆಸರು ಬರೆದಿರುವುದಿಲ್ಲವಲ್ಲ!

ಹಳ್ಳಿಯ ಹಾಲಿನ ಡೈರಿಯನ್ನು ನೋಡಿ. ಬೆಳಿಗ್ಗೆ ಮನೆಮನೆಯವರೂ ಹಾಲು ತಂದು ಹಾಕುತ್ತಾರೆ. ಎಷ್ಟು ಲೀಟರ್, ಎಷ್ಟು ಫ್ಯಾಟ್ ಎಂದು ಪುಸ್ತಕದಲ್ಲಿ ಬರೆದುಕೊಂಡು, ಎಲ್ಲರ ಹಾಲನ್ನೂ ಒಂದೇ ಕ್ಯಾನಿಗೆ ಸುರಿಯುತ್ತಾರೆ. ನಿಮ್ಮ ಮನೆಗೆ ಬಂದ ನಂದಿನಿ ಪ್ಯಾಕೆಟ್ಟಿನಲ್ಲಿ ಯಾವ ಹಸುವಿನ ಹಾಲಿದೆ ಎಂದು ಯಾರೂ ಹೇಳಲಾರರು. ಆದರೂ ಹಾಲು ಹಾಕಿದವರಿಗೆ ಅವರ ದುಡ್ಡು ಸರಿಯಾಗಿ ಸೇರುತ್ತದೆ, ಏಕೆಂದರೆ ಪುಸ್ತಕದಲ್ಲಿ ಲೆಕ್ಕವಿದೆ. ಗ್ರಿಡ್ ಎಂಬ ತಂತಿಗಳ ಜಾಲವೂ ಆ ಕ್ಯಾನಿನಂತೆಯೇ. ರಾಯಚೂರು, ಪಾವಗಡ, ಕೈಗಾ ಎಲ್ಲದರ ಕರೆಂಟೂ ಅದರಲ್ಲಿ ಬೆರೆತಿರುತ್ತದೆ. ಗಾಳಿಯಂತ್ರದ ಬುಡದಲ್ಲಿರುವ ಮೀಟರು ಎಷ್ಟು ಯೂನಿಟ್ ಒಳಗೆ ಹೋಯಿತು ಎಂದು ಬರೆಯುತ್ತದೆ. ಪಾಲಿಕೆಯ ಮೀಟರುಗಳು ಎಷ್ಟು ಯೂನಿಟ್ ಹೊರಗೆ ಬಂತು ಎಂದು ಬರೆಯುತ್ತವೆ. ಎರಡೂ ತಾಳೆಯಾದರೆ ಪಾಲಿಕೆ ಗಾಳಿ ಕರೆಂಟು ಬಳಸಿತು ಎಂದು ಲೆಕ್ಕ.

ಇದು ಬರೀ ಕಾಗದದ ಆಟವೇ ಎಂದು ಕೇಳುತ್ತೀರಾ? ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ನಮ್ಮ ನಾಡಿನ ಹಳೆಯ ಕಥೆಯೊಂದರಲ್ಲಿದೆ.

1902ರ ಜೂನ್ 30ರಂದು ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಮಾಡಿದ ಕರೆಂಟು ಹರಿಯಲು ಶುರುವಾಯಿತು. ಬೆಂಗಳೂರಿಗಲ್ಲ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ! ಆ ಕಾಲಕ್ಕೆ ಅದು ಲೋಕದಲ್ಲೇ ಅತಿ ಉದ್ದದ ವಿದ್ಯುತ್ ಲೈನುಗಳಲ್ಲಿ ಒಂದು. ಅಷ್ಟು ದುಡ್ಡು ಹಾಕಲು ಮೈಸೂರು ಸರ್ಕಾರಕ್ಕೆ, ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರಿಗೆ ಧೈರ್ಯ ಬಂದದ್ದು ಹೇಗೆ? ಗಣಿಯವರು ಕರೆಂಟು ಕೊಳ್ಳಲು ಮುಂಚೆಯೇ ಒಪ್ಪಿದ್ದರು. ಕೊಳ್ಳುವವರ ಮಾತು ಮೊದಲು, ಕೇಂದ್ರ ಆಮೇಲೆ. ಮೂರು ವರ್ಷ ಕಳೆದು, 1905ರ ಆಗಸ್ಟಿನಲ್ಲಿ, ಅದೇ ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ನಮ್ಮೂರಿನ ಮೊದಲ ವಿದ್ಯುತ್ ಬೀದಿದೀಪಗಳು ಹೊಗೆಯಿಲ್ಲದ ಕರೆಂಟಿನಲ್ಲೇ ಉರಿದವು!

ಇವತ್ತಿಗೂ ಅಷ್ಟೇ. ಸೌರ ಕೇಂದ್ರ ಕಟ್ಟುವವರು ಬ್ಯಾಂಕಿಗೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಕೇಳುವ ಮೊದಲ ಪ್ರಶ್ನೆ: ನಿಮ್ಮ ಕರೆಂಟನ್ನು ಯಾರು ಕೊಳ್ಳುತ್ತಾರೆ? ಸಾಮಾನ್ಯವಾಗಿ ಇಪ್ಪತ್ತೈದು ವರ್ಷದ ಖರೀದಿ ಒಪ್ಪಂದ ಕೈಯಲ್ಲಿದ್ದರೆ ಸಾಲ ಸಿಗುತ್ತದೆ, ಫಲಕ ನೆಲಕ್ಕೆ ಬರುತ್ತದೆ. ಸ್ಥಳೀಯ ಸರ್ಕಾರದ ನಿಜವಾದ ಶಕ್ತಿ ಇರುವುದು ಇಲ್ಲಿಯೇ ಎಂದು ನನ್ನ ನಂಬಿಕೆ. ಕಂಪನಿಗಳು ಬರುತ್ತವೆ, ಹೋಗುತ್ತವೆ. ಬೀದಿದೀಪ ಇಪ್ಪತ್ತೈದು ವರ್ಷ ಬಿಟ್ಟು ನೋಡಿದರೂ ಉರಿಯುತ್ತಲೇ ಇರುತ್ತದೆ. ಅಂಥ ಗಿರಾಕಿಯ ಮಾತಿಗೆ ತೂಕ ಜಾಸ್ತಿ.

ಎಷ್ಟು ಕರೆಂಟಿನ ಮಾತು ಇದು? ಬನ್ನಿ, ನೀರಿನ ಲೆಕ್ಕ ಮಾಡೋಣ. ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು ನೂರು ಕಿಲೋಮೀಟರ್ ದೂರದಿಂದ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಕಡೆ ಪಂಪು ಮಾಡಿ ಜಲಮಂಡಳಿಯವರು ಅದನ್ನು ಮೇಲಕ್ಕೆ ತರುತ್ತಾರೆ. ಏರಬೇಕಾದ ಎತ್ತರ, ಕೊಳವೆಯೊಳಗಿನ ಘರ್ಷಣೆ ಎಲ್ಲ ಸೇರಿ ಪಂಪುಗಳು ಪಡಬೇಕಾದ ಶ್ರಮ ಸುಮಾರು 500 ಮೀಟರ್ ಎತ್ತಿದ್ದಕ್ಕೆ ಸಮ.

ಒಂದು ಸಾವಿರ ಲೀಟರ್ ನೀರು ಎಂದರೆ 1000 ಕೆಜಿ. ಅದನ್ನು 500 ಮೀಟರ್ ಎತ್ತಲು ಬೇಕಾದ ಶಕ್ತಿ 1000 × 9.8 × 500, ಅಂದರೆ 49 ಲಕ್ಷ ಜೂಲ್. ಒಂದು ಯೂನಿಟ್ ಕರೆಂಟಿನಲ್ಲಿರುವುದು 36 ಲಕ್ಷ ಜೂಲ್. ಭಾಗಿಸಿ ನೋಡಿ: ಸುಮಾರು 1.36 ಯೂನಿಟ್. ಪಂಪು ಮೋಟರುಗಳು ಒಂದಿಷ್ಟೂ ಶಕ್ತಿ ವ್ಯರ್ಥ ಮಾಡದಿದ್ದರೆ ಇಷ್ಟು, ನಿಜಕ್ಕೂ ಬೇಕಾಗುವುದು ಇನ್ನೂ ಹೆಚ್ಚು.

2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ನಗರದ ಅಂಚಿನ 110 ಹಳ್ಳಿಗಳಿಗೆಂದು, ಅಂದರೆ ವೈಟ್‌ಫೀಲ್ಡ್ ಸುತ್ತಮುತ್ತಲಿನಂಥ ಜಾಗಗಳಿಗೆಂದು ಮಾಡಿದ ಯೋಜನೆ. ಇದರ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಸಾವಿರ ಲೀಟರಿನ ಲೆಕ್ಕದಲ್ಲಿ 7.75 ಲಕ್ಷ ಪಾಲು. 1.36ರಿಂದ ಗುಣಿಸಿದರೆ ದಿನಕ್ಕೆ ಹತ್ತು ಲಕ್ಷ ಯೂನಿಟ್ ದಾಟುತ್ತದೆ! ಈ ಒಂದು ಹಂತಕ್ಕೇ ಇಷ್ಟು. ಗ್ರಿಡ್ಡಿನ ಸರಾಸರಿ ಕರೆಂಟಿನಲ್ಲಿ ಎತ್ತಿದರೆ ದಿನಕ್ಕೆ 700 ಟನ್ ಇಂಗಾಲದ ಡೈಆಕ್ಸೈಡ್. ನೀವು ಹಲ್ಲುಜ್ಜುವಾಗ ನಲ್ಲಿ ತಿರುಗಿಸಿದ ನೀರಿನ ಹಿಂದೆ ಇಷ್ಟೆಲ್ಲ ಇದೆ.

ಇದನ್ನು ಬಿಸಿಲಿನಿಂದ ಪಡೆಯಬೇಕೆಂದರೆ? ಬೆಂಗಳೂರಿನ ಸೀಮೆಯಲ್ಲಿ ಒಂದು ಕಿಲೋವ್ಯಾಟ್ ಸೌರಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಹತ್ತು ಲಕ್ಷ ಯೂನಿಟ್‌ಗೆ ಎರಡೂವರೆ ಲಕ್ಷ ಕಿಲೋವ್ಯಾಟ್, ಅಂದರೆ 250 ಮೆಗಾವ್ಯಾಟ್ ಬೇಕು. ಪಾವಗಡದ ಲೆಕ್ಕದಲ್ಲಿ ಅದಕ್ಕೆ ಹತ್ತಿರ ಹತ್ತಿರ 1600 ಎಕರೆ ನೆಲ ಬೇಕು. 1970ರ ದಶಕದಲ್ಲಿ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರ ಕನಸಿನಂತೆ ಹುಟ್ಟಿದಾಗ ಎಲೆಕ್ಟ್ರಾನಿಕ್ ಸಿಟಿ 332 ಎಕರೆಯದಾಗಿತ್ತು. ಅಂಥ ಸುಮಾರು ಐದು.

ಈ ಲೆಕ್ಕದಿಂದ ಒಂದು ಸಂಗತಿ ಗೊತ್ತಾಯಿತಲ್ಲವೇ? ಚಾವಣಿ ಒಂದರಿಂದಲೇ ಆಗುವ ಕೆಲಸವಲ್ಲ ಇದು. ಹಾಗೆಂದು ಚಾವಣಿಯನ್ನು ಬಿಡಬೇಕಾಗಿಲ್ಲ. ಒಂದು ಕಿಲೋವ್ಯಾಟಿಗೆ ನೆರಳಿಲ್ಲದ ಸುಮಾರು 100 ಚದರಡಿ ಸಾಕು. ಸರ್ಕಾರಿ ಶಾಲೆಯ ತಾರಸಿಯ ಮೇಲೆ ಹತ್ತು ಕಿಲೋವ್ಯಾಟ್ ಕೂರಿಸಿದರೆ ದಿನಕ್ಕೆ ನಲವತ್ತು ಯೂನಿಟ್. ಶಾಲೆಯ ಫ್ಯಾನು, ಕಂಪ್ಯೂಟರು ನಡೆದು ಇನ್ನೂ ಮಿಗುತ್ತದೆ. ಮಿಕ್ಕದ್ದು ನೆಟ್ ಮೀಟರಿನ ಮೂಲಕ, ಊರಿಗೆ ಕರೆಂಟು ಹಂಚುವ ಬೆಸ್ಕಾಂಗೆ ಹೋಗುತ್ತದೆ, ಬಿಲ್ಲಿನಲ್ಲಿ ಲೆಕ್ಕವಾಗುತ್ತದೆ. ಫಲಕ ಕೊಳ್ಳಲು ದುಡ್ಡಿಲ್ಲದಿದ್ದರೂ ದಾರಿಯಿದೆ. ಕಂಪನಿಯೊಂದು ತನ್ನದೇ ಖರ್ಚಿನಲ್ಲಿ ಫಲಕ ಹಾಕುತ್ತದೆ, ಪಾಲಿಕೆ ಬಂದ ಯೂನಿಟ್‌ಗಳಿಗೆ ಮಾತ್ರ ದುಡ್ಡು ಕೊಡುತ್ತದೆ. ಪೀಣ್ಯದ ಸಾವಿರಾರು ಸಣ್ಣ ಕಾರ್ಖಾನೆಗಳ ಶೀಟು ಚಾವಣಿಗಳನ್ನು ಮೆಟ್ರೋ ಕಿಟಕಿಯಿಂದ ನೋಡಿದಾಗಲೆಲ್ಲ ನನಗೆ, ಇಷ್ಟು ಬಿಸಿಲು ಸುಮ್ಮನೆ ಬಿದ್ದು ಹೋಗುತ್ತಿದೆಯಲ್ಲ ಎನಿಸುತ್ತದೆ.

ದೊಡ್ಡ ಕೊಳ್ಳುವಿಕೆಗೆ ಇರುವ ದಾರಿಯ ಹೆಸರು ಓಪನ್ ಆಕ್ಸೆಸ್. 2003ರ ವಿದ್ಯುತ್ ಕಾಯ್ದೆ ಇದನ್ನು ತಂದಿತು. ಗಿರಾಕಿ ತನಗೆ ಬೇಕಾದ ಸೌರ ಅಥವಾ ಗಾಳಿ ಕೇಂದ್ರದ ಜೊತೆ ನೇರವಾಗಿ ಒಪ್ಪಂದ ಮಾಡಿಕೊಳ್ಳಬಹುದು. ಕರೆಂಟನ್ನು ಹೊತ್ತು ತರುವ ತಂತಿಗಳು ರಾಜ್ಯದ ವಿದ್ಯುತ್ ಸಾಗಣೆ ಸಂಸ್ಥೆ ಕೆಪಿಟಿಸಿಎಲ್ ಮತ್ತು ಬೆಸ್ಕಾಂನವು, ಹಾಗಾಗಿ ಅವಕ್ಕೆ ಸಾಗಣೆಯ ಬಾಡಿಗೆ ಕೊಡಬೇಕು. ಅದನ್ನು ವೀಲಿಂಗ್ ಶುಲ್ಕ ಎನ್ನುತ್ತಾರೆ. ಯಾವ ಶುಲ್ಕ ಎಷ್ಟು ಎಂದು ಹೇಳುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಬೆಂಗಳೂರಿನ ಐಟಿ ಕ್ಯಾಂಪಸ್ಸುಗಳು ಹಲವು ವರ್ಷಗಳಿಂದ ಇದೇ ದಾರಿಯಲ್ಲಿ ದೂರದ ಜಿಲ್ಲೆಗಳ ಬಿಸಿಲು, ಗಾಳಿ ಕೊಳ್ಳುತ್ತಿವೆ.

ಸಣ್ಣವರಿಗೆ ಮಾತ್ರ ಈ ಬಾಗಿಲು ಬಹುಕಾಲ ಮುಚ್ಚಿತ್ತು. ಒಂದೇ ಕಡೆ ಒಂದು ಮೆಗಾವ್ಯಾಟ್ ಬೇಡಿಕೆ ಇರಬೇಕೆಂಬ ನಿಯಮವಿತ್ತು. 2022ರಲ್ಲಿ ಕೇಂದ್ರ ಸರ್ಕಾರ ಹಸಿರು ವಿದ್ಯುತ್ತಿಗೆ ಆ ಮಿತಿಯನ್ನು 100 ಕಿಲೋವ್ಯಾಟಿಗೆ ಇಳಿಸಿತು. ಆಮೇಲೆ ಮಾಡಿದ ತಿದ್ದುಪಡಿಯೊಂದು ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ: ಒಂದೇ ವಿದ್ಯುತ್ ವಿಭಾಗದೊಳಗೆ ಇರುವ ಒಬ್ಬ ಗಿರಾಕಿಯ ಹಲವು ಸಂಪರ್ಕಗಳನ್ನು ಕೂಡಿಸಿ 100 ಕಿಲೋವ್ಯಾಟ್ ಆದರೂ ಸಾಕು. ಇದು ಬೀದಿದೀಪಕ್ಕೆಂದೇ ಮಾಡಿದಂತಿಲ್ಲವೇ? ಒಂದೊಂದು ಪೆಟ್ಟಿಗೆಯದೂ ಚೂರುಪಾರು ಬಳಕೆ. ಒಂದು ವಾರ್ಡಿನ, ಎರಡು ವಾರ್ಡಿನ ಪೆಟ್ಟಿಗೆಗಳನ್ನು ಕೂಡಿಸಿ ಒಂದೇ ಗಿರಾಕಿಯಾಗಿ ನಿಲ್ಲಬಹುದು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೇಂದ್ರದಲ್ಲೇ ಪಾಲು ಕೊಳ್ಳಬಹುದು. ಕೊಳ್ಳುವವರು ನೂರಕ್ಕೆ ಕನಿಷ್ಠ 26 ಪಾಲಿನ ಒಡೆತನ ಇಟ್ಟುಕೊಂಡು, ಬಂದ ಕರೆಂಟಿನಲ್ಲಿ ನೂರಕ್ಕೆ ಕನಿಷ್ಠ 51 ಪಾಲನ್ನು ತಾವೇ ಬಳಸಿದರೆ ಅದು ಸ್ವಂತ ಬಳಕೆಯ ಕೇಂದ್ರ ಎನಿಸಿಕೊಳ್ಳುತ್ತದೆ, ಕೆಲವು ಶುಲ್ಕಗಳು ಕಡಿಮೆಯಾಗುತ್ತವೆ. ಏನೂ ಮಾಡಲಾಗದಿದ್ದರೆ ಬೆಸ್ಕಾಂಗೆ ಹಸಿರು ದರ ಕಟ್ಟಿ, ನನಗೆ ಹಸಿರು ಕರೆಂಟೇ ಕೊಡಿ ಎಂದು ಕೇಳಬಹುದು. ಹಸಿರು ಕರೆಂಟು ಹುಟ್ಟಿದ್ದಕ್ಕೆ ಕೊಡುವ ಪ್ರಮಾಣಪತ್ರಗಳನ್ನು ಕೊಳ್ಳುವುದೂ ಉಂಟು, ಒಂದು ಪತ್ರಕ್ಕೆ ಸಾವಿರ ಯೂನಿಟ್. ಆದರೆ ಎಂದೋ ಕಟ್ಟಿ ಮುಗಿದ ಕೇಂದ್ರದ ಪತ್ರ ಕೊಂಡರೆ ಹೊಸ ಫಲಕ ಒಂದೂ ಹುಟ್ಟುವುದಿಲ್ಲ. ನಾನಾದರೆ ಅದನ್ನು ಕೊನೆಗೆ ಇಡುತ್ತೇನೆ.

ಪಾಲಿಕೆಯೇ ಸ್ವಂತ ಕೇಂದ್ರ ಕಟ್ಟಿದ್ದು ಉಂಟೇ? ಉಂಟು. ಗುಜರಾತಿನ ಸೂರತ್ ಮಹಾನಗರ ಪಾಲಿಕೆಗೆ ತನ್ನದೇ ಗಾಳಿಯಂತ್ರಗಳಿವೆ. ಇಂದೋರಿನ ಕಥೆಯಂತೂ ನಮ್ಮದನ್ನೇ ಹೋಲುತ್ತದೆ. ಅಲ್ಲಿಗೂ ನೀರು ದೂರದ ನರ್ಮದೆಯಿಂದ, ಜಲೂದ್ ಎಂಬಲ್ಲಿಂದ ಪಂಪಾಗಿ ಬರಬೇಕು. ಕರೆಂಟ್ ಬಿಲ್ಲು ತಡೆಯಲಾಗದೆ ಇಂದೋರ್ ಪಾಲಿಕೆ 2023ರ ಫೆಬ್ರವರಿಯಲ್ಲಿ ಜನರಿಂದಲೇ 244 ಕೋಟಿ ರೂಪಾಯಿ ಸಾಲ ಕೇಳಿತು. ಹಸಿರು ಬಾಂಡ್ ಎಂದು ಅದರ ಹೆಸರು. ಜಲೂದ್‌ನಲ್ಲಿ 60 ಮೆಗಾವ್ಯಾಟಿನ ಸೌರ ಕೇಂದ್ರ ಕಟ್ಟಲೆಂದು. ಜನ ಕೇಳಿದ್ದಕ್ಕಿಂತ ಬಹಳ ಹೆಚ್ಚು ದುಡ್ಡು ಕೊಡಲು ಮುಂದೆ ಬಂದರು! ಬೆಂಗಳೂರೂ ಹೀಗೆ ಕೇಳಿದರೆ ಜನ ಕೊಡುತ್ತಾರೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಈಗ ಕಷ್ಟದ ಭಾಗ. ಬೀದಿದೀಪ ಉರಿಯುವುದು ರಾತ್ರಿ, ಸೌರಫಲಕ ದುಡಿಯುವುದು ಹಗಲು.

ಡೈರಿಯ ಹೋಲಿಕೆ ಇಲ್ಲಿ ಕೈಕೊಡುತ್ತದೆ. ಹಾಲನ್ನು ತಣ್ಣಗೆ ಮಾಡಿ ನಾಳೆಗೆ ಇಡಬಹುದು. ಗ್ರಿಡ್ಡಿನಲ್ಲಿ ಪ್ರತಿ ಕ್ಷಣವೂ ಹಾಕಿದ್ದಷ್ಟೇ ತೆಗೆಯಬೇಕು. ಇಲ್ಲದಿದ್ದರೆ ಸೆಕೆಂಡಿಗೆ 50 ಸಲದ ಅದರ ಮಿಡಿತ ಏರುಪೇರಾಗುತ್ತದೆ. ಹಾಗಾಗಿ ಮಧ್ಯಾಹ್ನ ಹಾಕಿದ ಬಿಸಿಲಿನ ಕರೆಂಟನ್ನು ಆಗಲೇ ಬೇರೆ ಯಾರೋ ಬಳಸಿಬಿಡುತ್ತಾರೆ. ರಾತ್ರಿ ನಿಮ್ಮ ಬೀದಿದೀಪಕ್ಕೆ ಬರುವುದು ರಾಯಚೂರಿನದಿರಬಹುದು, ಕೈಗಾದ್ದಿರಬಹುದು. ತಿಂಗಳ ಕೊನೆಯಲ್ಲಿ ಕೂಡಿಸಿದರೆ ಪುಸ್ತಕದಲ್ಲಿ ಲೆಕ್ಕ ಸರಿ. ಗಂಟೆ ಗಂಟೆ ನೋಡಿದರೆ ಸರಿಯಿಲ್ಲ.

ಅದಕ್ಕೇ ಕೆಲವು ಊರುಗಳು ಹೊಸ ಪ್ರಶ್ನೆ ಕೇಳತೊಡಗಿವೆ: ದಿನದ ಪ್ರತಿ ಗಂಟೆಯಲ್ಲೂ ನಾವು ಬಳಸುವುದು ಇಂಗಾಲವಿಲ್ಲದ ಕರೆಂಟೇ ಆಗಬಾರದೇಕೆ? ಅಮೆರಿಕದ ಐಯೋವಾ ರಾಜ್ಯದ ಡೆ ಮೊಯ್ನ್ ನಗರ 2021ರಲ್ಲಿ, 2035ರ ಹೊತ್ತಿಗೆ ಹಾಗೆ ಮಾಡುವ ಗುರಿಯನ್ನು ಒಪ್ಪಿಕೊಂಡಿತು. ನಮ್ಮ ಗ್ರಿಡ್ಡಿನಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. ದಿನವನ್ನು ಹದಿನೈದು ನಿಮಿಷಗಳ 96 ತುಣುಕು ಮಾಡಿ ಅಳೆಯುತ್ತಾರೆ. ಪಾಲಿಕೆಯೊಂದು 96ರಲ್ಲಿ ಎಷ್ಟು ತುಣುಕು ತುಂಬಿಸಿದೆ ಎಂದು ನೋಡುವುದೇ ಸರಿಯಾದ ಪರೀಕ್ಷೆ.

ನೀರಿನ ಪಂಪಿಗೆ ಇದರಲ್ಲಿ ಅನುಕೂಲವಿದೆ. ಕರೆಂಟನ್ನು ಇಡಲಾಗದಿದ್ದರೂ ನೀರನ್ನು ಇಡಬಹುದಲ್ಲ! ದೊಡ್ಡ ಜಲಾಗಾರಗಳಿದ್ದಲ್ಲಿ ಬಿಸಿಲಿರುವಾಗ ಜಾಸ್ತಿ ಎತ್ತಿ ತುಂಬಿಸಿಕೊಳ್ಳಬಹುದು. ಬೀದಿದೀಪಕ್ಕೆ ಆ ಸೌಕರ್ಯವಿಲ್ಲ, ಅದಕ್ಕೆ ಗಾಳಿ ಬೇಕು. ಮುಂಗಾರಿನ ತಿಂಗಳುಗಳಲ್ಲಿ, ಮೋಡ ಕವಿದು ಸೌರಫಲಕ ಸೋತಿರುವಾಗಲೇ, ನಮ್ಮ ಗುಡ್ಡಗಳ ಮೇಲೆ ಗಾಳಿ ಜೋರು, ರಾತ್ರಿಯೂ ಬೀಸುತ್ತದೆ. ಹಾಗಾಗಿ ಬರೀ ಬಿಸಿಲು ಕೊಳ್ಳುವ ಪಾಲಿಕೆಗಿಂತ ಬಿಸಿಲು ಗಾಳಿ ಎರಡನ್ನೂ ಕೊಳ್ಳುವ ಪಾಲಿಕೆ ಜಾಣ.

ಕೊಳ್ಳುವವರು ಇನ್ನೊಂದನ್ನೂ ಕೇಳಬೇಕು: ಈ ಕರೆಂಟು ಹುಟ್ಟುವ ಕಡೆ ಯಾರಿಗೆ ಏನಾಗುತ್ತಿದೆ? ಪಾವಗಡದಲ್ಲಿ ರೈತರ ಜಮೀನನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಯಿತು. ಜಮೀನಿದ್ದವರಿಗೆ ಬಾಡಿಗೆ ಬಂತು. ಜಮೀನಿಲ್ಲದೆ ಕೂಲಿ ಮಾಡುತ್ತಿದ್ದವರಿಗೆ, ಆ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಬರಲಿಲ್ಲ. ಶರಾವತಿ ಕಣಿವೆಯಲ್ಲಿ ನೀರನ್ನು ಮೇಲೆ ಕೆಳಗೆ ಆಡಿಸಿ ಕರೆಂಟು ಕೂಡಿಡುವ 2000 ಮೆಗಾವ್ಯಾಟಿನ ಯೋಜನೆ ಮುಂದಿಟ್ಟಾಗ, ಅದು ಸಿಂಗಳೀಕಗಳ ಕಾಡು ಎಂದು ಜನ ಎದ್ದು ನಿಂತರು. ಇಂಗಾಲವಿಲ್ಲ ಎಂದ ಮಾತ್ರಕ್ಕೆ ನೋವೂ ಇಲ್ಲ ಎಂದಾಗುವುದಿಲ್ಲ. ಟೆಂಡರಿನ ಕಾಗದದಲ್ಲೇ ಕೂಲಿಯವರಿಗೆ ಕೆಲಸ, ಕುರಿಗೆ ದಾರಿ ಎಂದು ಬರೆಸಲು ದೊಡ್ಡ ಗಿರಾಕಿಗೆ ಸಾಧ್ಯವಿದೆ.

ರಾತ್ರಿಯ ಕಷ್ಟಕ್ಕೆ ಉಳಿದ ಇನ್ನೊಂದು ದಾರಿ ಬ್ಯಾಟರಿ. ಛತ್ತೀಸ್‌ಗಢದ ರಾಜನಾಂದಗಾಂವ್‌ನಲ್ಲಿ 100 ಮೆಗಾವ್ಯಾಟಿನ ಸೌರ ಕೇಂದ್ರದ ಪಕ್ಕದಲ್ಲೇ 1.2 ಲಕ್ಷ ಯೂನಿಟ್ ಹಿಡಿಯುವ ಬ್ಯಾಟರಿ ಕೂರಿಸಿ, ಹಗಲಿನದನ್ನು ಕತ್ತಲಾದ ಮೇಲೆ ಕೊಡುತ್ತಿದ್ದಾರೆ. 60 ವ್ಯಾಟಿನ ಒಂದು ಎಲ್‌ಇಡಿ ಬೀದಿದೀಪಕ್ಕೆ ಇಡೀ ರಾತ್ರಿಗೆ ಮುಕ್ಕಾಲು ಯೂನಿಟ್ ಸಾಕು. ಅಂಥ ಒಂದು ಬ್ಯಾಟರಿ ಎಷ್ಟು ಬೀದಿದೀಪಗಳನ್ನು ಬೆಳಗಾಗುವ ತನಕ ಉರಿಸೀತು? ಕಾಗದ ಪೆನ್ನು ತೆಗೆದುಕೊಳ್ಳಿ. ತಂತಿಯಲ್ಲಿ ಸ್ವಲ್ಪ ಸೋರಿಹೋಗುತ್ತದೆ, ನೂರಕ್ಕೆ ಹತ್ತು ಎಂದು ಕಳೆಯಲು ಮರೆಯಬೇಡಿ.